ಮಂಗಳೂರಿನ ಹೋಟೆಲುಗಳಲ್ಲಿ ಊಟ-ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿಗೆ ಬರುವ ನೆಂಟರು, ವರ್ಗವಾಗಿ ಬಂದ ಬ್ಯಾಂಕಿನವರು, ಮಕ್ಕಳನ್ನು ಇಲ್ಲಿನ ಕಾಲೇಜಿಗೆ ಸೇರಿಸಲು ಬಂದ ಅಪ್ಪ-ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಊರಿನವರೇ ನಡೆಸುವ ಹೋಟೆಲುಗಳ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಈ ಊರಲ್ಲಿ ಚೆನ್ನಾಗಿ ತಿನ್ನಬೇಕಾದರೆ ಮೆನು ನೋಡುವುದಕ್ಕಿಂತ ಗಡಿಯಾರ ಮತ್ತು ಕ್ಯಾಲೆಂಡರ್ ನೋಡುವುದು ಮುಖ್ಯ ಎಂಬುದು ನನ್ನ ನಂಬಿಕೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಅಲ್ಲಿಗೇ ಬಂದು ಸೇರುತ್ತವೆ.

## ಮೊದಲ ಸಲ ಬರುವವರಿಗೆ

ಒಂದೇ ದಿನ ಇರೋದು. ಏನೇನು ತಿನ್ನಲೇಬೇಕು?

ಬೆಳಿಗ್ಗೆ ಬನ್ಸ್. ಬೇಕರಿಯ ಬನ್ ಅಲ್ಲ, ಮಾಗಿದ ಬಾಳೆಹಣ್ಣು ಹಿಸುಕಿ ಮೈದಾ, ಮೊಸರು, ಜೀರಿಗೆ ಸೇರಿಸಿ ರಾತ್ರಿಯಿಡೀ ಹಿಟ್ಟು ಬಿಟ್ಟು ಕರಿದದ್ದು. ಅದು ಬೇಡ ಎಂದರೆ ನೀರ್ ದೋಸೆ, ಇಲ್ಲವೇ ಸಜ್ಜಿಗೆ (ಉಪ್ಪಿಟ್ಟು)-ಅವಲಕ್ಕಿ.

ಮಧ್ಯಾಹ್ನ ಮೀನಿನ ಊಟ. ಸಂಜೆ ನಾಲ್ಕಕ್ಕೆ ಗೋಳಿಬಜೆ ಎಂಬ ಕರಿದ ತಿಂಡಿ ಮತ್ತು ಚಹಾ. ರಾತ್ರಿ ಕೋರಿ ರೊಟ್ಟಿ, ಅಂದರೆ ಕೋಳಿ ಸಾರಿನ ಜೊತೆ ಗರಿ ರೊಟ್ಟಿ. ಕೊನೆಗೆ ಹೊಟ್ಟೆಯಲ್ಲಿ ಜಾಗ ಇದ್ದರೆ ಗಡ್‌ಬಡ್ ಐಸ್‌ಕ್ರೀಂ.

ಈ ಸಾಲು ತಪ್ಪಿಸಬೇಡಿ. ಸಂಜೆ ಐದಕ್ಕೆ ಬನ್ಸ್ ಕೇಳಿದರೆ ಬೆಳಗಿನದ್ದು ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಮೀನಿನ ಊಟ ಕೇಳಿದರೆ ಎಷ್ಟೋ ಕಡೆ ಸಿಗುವುದೇ ಇಲ್ಲ.

ತುಳು ಬರಲ್ಲ, ಕಷ್ಟ ಆಗುತ್ತಾ?

ಇಲ್ಲ. ಕನ್ನಡ ಎಲ್ಲಾ ಕಡೆ ನಡೆಯುತ್ತದೆ. ಬಡಿಸುವವರು ತಮ್ಮ ತಮ್ಮಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿಕೊಳ್ಳಬಹುದು, ನಿಮ್ಮ ಜೊತೆ ಕನ್ನಡಕ್ಕೇ ಬರುತ್ತಾರೆ. ಈಗ ಅಡುಗೆಮನೆಯಲ್ಲೂ ಬಡಿಸುವಲ್ಲೂ ಹೊರರಾಜ್ಯದ ಹುಡುಗರು ಬಹಳ ಇದ್ದಾರೆ. ಅವರ ಹತ್ತಿರ ಮೀನಿನ ಹೆಸರು ಕೇಳಿ ಗೊಂದಲವಾದರೆ ಕ್ಯಾಶ್‌ನಲ್ಲಿ ಕೂತ ಧಣಿಗಳನ್ನೇ ಕೇಳಿ. ‘ಅಣ್ಣಾ, ಇವತ್ತು ಯಾವ ಮೀನು ಒಳ್ಳೆದುಂಟು?’ ಅಂದರೆ ಸಾಕು.

ಊಟಕ್ಕೆ ಕೆಂಪು ದಪ್ಪ ಅನ್ನ ಹಾಕುತ್ತಾರೆ, ನಮಗೆ ಅದು ಸೇರಲ್ಲ. ಬೇರೆ ಅನ್ನ ಸಿಗುತ್ತಾ?

ಅದು ಕುಚ್ಚಲಕ್ಕಿ. ಭತ್ತವನ್ನು ಮೊದಲೇ ಬೇಯಿಸಿ ಒಣಗಿಸಿ ಅಕ್ಕಿ ಮಾಡಿರುತ್ತಾರೆ, ಹಾಗಾಗಿ ಅಗುಳು ದಪ್ಪ, ಅಗಿಯಲು ಸ್ವಲ್ಪ ಹೊತ್ತು ಬೇಕು. ಬಿಳಿ ಅನ್ನ ಬೇಕಾದರೆ ‘ಬೆಳ್ತಿಗೆ’ ಎಂದು ಹೇಳಿ, ಬಹುತೇಕ ಕಡೆ ಎರಡೂ ಇರುತ್ತದೆ. ಆದರೆ ಒಂದು ಸಲವಾದರೂ ಮೀನಿನ ಸಾರಿನ ಜೊತೆ ಕುಚ್ಚಲಕ್ಕಿ ತಿಂದು ನೋಡಿ. ತೆಂಗಿನಕಾಯಿ, ಹುಣಸೆ, ಮೆಣಸು ಅರೆದ ಆ ಸಾರು ಬೆಳ್ತಿಗೆ ಅನ್ನದ ಮೇಲೆ ಸುಮ್ನೆ ಹರಿದು ಹೋಗುತ್ತದೆ, ಕುಚ್ಚಲಕ್ಕಿಯ ಜೊತೆ ನಿಲ್ಲುತ್ತದೆ.

ಇನ್ನೊಂದು ವಿಷಯ. ಇಲ್ಲಿ ಒಗ್ಗರಣೆಗೂ ಮೀನು ಕಾಯಿಸಲಿಕ್ಕೂ ತೆಂಗಿನೆಣ್ಣೆ ಬಳಸುವ ಹೋಟೆಲುಗಳು ಸಾಕಷ್ಟಿವೆ. ಆ ವಾಸನೆ ಅಭ್ಯಾಸ ಇಲ್ಲದವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮಲ್ಲಿ ಅರ್ಧ ಜನ ವೆಜ್. ಎಲ್ಲರೂ ಒಟ್ಟಿಗೆ ಎಲ್ಲಿ ಕೂರಬಹುದು?

ದೊಡ್ಡ ಫ್ಯಾಮಿಲಿ ರೆಸ್ಟೊರೆಂಟುಗಳಲ್ಲಿ ಎರಡೂ ಸಿಗುತ್ತದೆ. ಆದರೆ ನನ್ನ ಸಲಹೆ ಬೇರೆ. ಮಧ್ಯಾಹ್ನ ಎರಡು ಗುಂಪಾಗಿ ಬೇರೆ ಬೇರೆ ಹೋಟೆಲಿಗೆ ಹೋಗಿ, ಸಂಜೆ ತಿಂಡಿಗೆ ಒಟ್ಟಾಗಿ. ಮೀನಿನ ಹೋಟೆಲಿನಲ್ಲಿ ಸಸ್ಯಾಹಾರಿಗೆ ಸಿಗುವುದು ಅನ್ನ, ಸಾರು, ಒಂದು ಪಲ್ಯ ಅಷ್ಟೇ. ಅದೇ ವ್ಯಕ್ತಿ ಹಂಪನಕಟ್ಟೆಯ ತಾಜ್‌ಮಹಲ್‌ನಂಥ ಹಳೆಯ ಸಸ್ಯಾಹಾರಿ ಹೋಟೆಲಿಗೆ ಹೋದರೆ ಖುಷಿಯಾಗಿ ಹೊರಗೆ ಬರುತ್ತಾನೆ. ಇಡೀ ದೇಶಕ್ಕೆ ಉಡುಪಿ ಹೋಟೆಲುಗಳನ್ನು ಕೊಟ್ಟ ಕರಾವಳಿ ಇದು. ಸಸ್ಯಾಹಾರಿಗಳು ಇಲ್ಲಿ ಹೊಂದಿಕೊಂಡು ತಿನ್ನುವ ಅಗತ್ಯವೇ ಇಲ್ಲ.

ಮಕ್ಕಳಿಗೆ ಖಾರ ಆಗಲ್ವಾ?

ನೀರ್ ದೋಸೆಗೆ ಕಾಯಿ-ಬೆಲ್ಲ, ಬನ್ಸ್, ಶ್ಯಾವಿಗೆ, ಕಾಣೆ ಮೀನಿನ ರವಾ ಫ್ರೈ ಕೊಡಿ. ಕಾಣೆಯಲ್ಲಿ ಮುಳ್ಳು ಕಡಿಮೆ, ಮಾಂಸ ಮೆತ್ತಗೆ. ಬೆಲೆ ಮಾತ್ರ ಜಾಸ್ತಿ.

## ಮೀನಿನ ಊಟದ ಬಗ್ಗೆ

ಮೀನು ಫ್ರೈಗೆ ಮೆನುವಿನಲ್ಲಿ ರೇಟೇ ಬರೆದಿರಲ್ಲ. ಹೊರಗಿನವರು ಅಂತ ಜಾಸ್ತಿ ಹಾಕ್ತಾರಾ?

ಬರೆಯದಿರುವುದಕ್ಕೆ ಕಾರಣ ಉಂಟು. ಬಂದರಿನ ಧಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ಬೆಳಗ್ಗೆ ಬೆಳಗ್ಗೆಯೇ ಮೀನು ಏಲಂ (ಹರಾಜು) ಆಗುತ್ತದೆ. ದೋಣಿ ಎಷ್ಟು ಬಂತು, ಯಾವ ಮೀನು ಬಿತ್ತು ಅನ್ನುವುದರ ಮೇಲೆ ಅವತ್ತಿನ ದರ. ಸೋಮವಾರದ ಅಂಜಲ್ (ಸುರ್ಮಯಿ) ರೇಟು ಗುರುವಾರಕ್ಕೆ ಇರುವುದಿಲ್ಲ. ಇಡೀ ಮೀನಾದರೆ ಗಾತ್ರದ ಮೇಲೂ ಬೆಲೆ ಬದಲಾಗುತ್ತದೆ.

ಬಿಲ್ ಅರ್ಥ ಮಾಡಿಕೊಳ್ಳುವುದು ಸುಲಭ. ಊಟದ ಬೆಲೆ ಬೇರೆ, ಫ್ರೈ ಬೆಲೆ ಬೇರೆ. ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿ ಸೇರಿದ ಊಟ ಕಡಿಮೆಗೇ ಸಿಗುತ್ತದೆ. ಅನ್ನ-ಸಾರು ಮತ್ತೆ ಕೇಳಿದರೂ ಸಾಮಾನ್ಯವಾಗಿ ದುಡ್ಡಿಲ್ಲ. ದುಡ್ಡು ಏರುವುದು ಫ್ರೈಯಲ್ಲಿ. ಕೆಲವು ಕಡೆ ಮಸಾಲೆ ಹಚ್ಚಿದ ಮೀನನ್ನು ತಟ್ಟೆಯಲ್ಲಿ ಇಟ್ಟು ಮೇಜಿನ ಹತ್ತಿರ ತರುತ್ತಾರೆ. ‘ಇದು ಎಷ್ಟು?’ ಎಂದು ಆಗಲೇ ಬೆರಳಿಟ್ಟು ಕೇಳಿ. ಇಲ್ಲಿ ಅದು ಯಾರಿಗೂ ಕೆಟ್ಟದಾಗಿ ಕಾಣುವುದಿಲ್ಲ, ಊರಿನವರೂ ಕೇಳಿಯೇ ತೆಗೆದುಕೊಳ್ಳುತ್ತಾರೆ. ಕೇಳದೆ ತಿಂದು ಆಮೇಲೆ ಬಿಲ್ ನೋಡಿ ಬೇಸರ ಮಾಡಿಕೊಂಡವರೇ ಈ ಪ್ರಶ್ನೆ ಜಾಸ್ತಿ ಕೇಳುವುದು.

ಅಂಜಲ್, ಮಾಂಜಿ (ಪಾಂಫ್ರೆಟ್) ದುಬಾರಿ. ಕಡಿಮೆ ಬೆಲೆಗೆ ಯಾವುದು ಒಳ್ಳೆಯದು?

ಬಂಗುಡೆ (ಮ್ಯಾಕರೆಲ್) ಮತ್ತು ಬೂತಾಯಿ (ಸಾರ್ಡಿನ್). ದುಡ್ಡಿದ್ದರೂ ನಾನು ಇವನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದು ಹೇಳುತ್ತೇನೆ. ಅಂಜಲ್, ಮಾಂಜಿಯಂಥವು ಬಹಳ ಸಲ ಆಳಸಮುದ್ರಕ್ಕೆ ಹೋದ ಟ್ರಾಲ್ ದೋಣಿಗಳಲ್ಲಿ ಬರುತ್ತವೆ. ಆ ದೋಣಿಗಳು ಎಷ್ಟೋ ದಿನ ಕಡಲಿನಲ್ಲೇ ಇದ್ದು ಬರುವುದು. ಮೀನು ಅಷ್ಟೂ ದಿನ ಐಸಿನಲ್ಲಿ ಇರುತ್ತದೆ. ಬಂಗುಡೆ, ಬೂತಾಯಿ ಗುಂಪಾಗಿ ಓಡಾಡುವ ಮೀನುಗಳು. ಪರ್ಸೀನ್ ಬಲೆಯ ದೋಣಿಗಳು ಇವನ್ನು ಸುತ್ತುವರಿದು ಹಿಡಿದು ಹೆಚ್ಚಾಗಿ ಅದೇ ದಿನ ದಡಕ್ಕೆ ಬರುತ್ತವೆ. ಬೆಳಗ್ಗೆ ಬಲೆಯಲ್ಲಿದ್ದದ್ದು ಬೇಗನೇ ನಿಮ್ಮ ತಟ್ಟೆಗೆ ಬರಬಹುದು.

ಬಂಗುಡೆ ತವಾ ಫ್ರೈ ತಿನ್ನುವ ಕ್ರಮ ಹೀಗೆ. ಬೆನ್ನಿನ ಗೆರೆಯ ಉದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಮೇಲಿನ ಪದರ ಒಂದೇ ತುಂಡಾಗಿ ಏಳುತ್ತದೆ. ಅದನ್ನು ತಿಂದ ಮೇಲೆ ಬಾಲದ ಕಡೆಯಿಂದ ನಡುಮುಳ್ಳು ಹಿಡಿದು ಎತ್ತಿದರೆ ತಲೆಯವರೆಗೂ ಬರುತ್ತದೆ, ಕೆಳಗಿನ ಪದರ ಹಾಗೇ ಉಳಿಯುತ್ತದೆ. ಹೊಟ್ಟೆಯ ಹತ್ತಿರ ಸಣ್ಣ ಮುಳ್ಳು ಇರುತ್ತದೆ, ಅಲ್ಲಿ ಗಡಿಬಿಡಿ ಬೇಡ. ಸೀಳಿದ ಗೀರುಗಳೊಳಗೆ ಇಳಿದು ಕಪ್ಪಾಗಿ ಅಂಟಿಕೊಂಡ ಮಸಾಲೆ ಇರುತ್ತದಲ್ಲ, ಅದನ್ನು ಕೊನೆಯ ತುತ್ತು ಅನ್ನಕ್ಕೆ ಇಟ್ಟುಕೊಳ್ಳಿ.

ಬೂತಾಯಿಯಲ್ಲಿ ಮುಳ್ಳು ಜಾಸ್ತಿ. ಅಭ್ಯಾಸ ಇಲ್ಲದವರು ಪುಳಿಮುಂಚಿ (ಹುಳಿ-ಖಾರದ ಮೀನಿನ ಸಾರು) ತೆಗೆದುಕೊಂಡು ನಿಧಾನಕ್ಕೆ ತಿನ್ನಲಿ.

ಮೀನು ತಾಜಾ ಇದೆಯಾ ಅಂತ ತಟ್ಟೆಗೆ ಬಂದ ಮೇಲೆ ಹೇಗೆ ಗೊತ್ತಾಗುತ್ತೆ?

ತಾಜಾ ಮೀನಿನ ಮಾಂಸ ಎಸಳು ಎಸಳಾಗಿ ಬಿಡಿಸಿಕೊಳ್ಳುತ್ತದೆ. ಹಳೆಯದಾದರೆ ಮುದ್ದೆಯಾಗಿ ಬೆರಳಿಗೆ ಅಂಟುತ್ತದೆ, ಮುಳ್ಳಿನ ಹತ್ತಿರ ಮೂಗಿಗೆ ಹೊಡೆಯುವ ವಾಸನೆ ಇರುತ್ತದೆ. ಮಸಾಲೆ ಅತಿ ದಪ್ಪವಾಗಿ ಮೆತ್ತಿದ್ದರೆ ನನಗೆ ಸಂಶಯ ಬರುತ್ತದೆ. ಒಳ್ಳೆಯ ಮೀನಿಗೆ ಅಷ್ಟು ಮಸಾಲೆ ಬೇಕಿಲ್ಲ.

ಸರಿ ಇಲ್ಲ ಅನಿಸಿದರೆ ತಿಂದು ಮುಗಿಸಬೇಡಿ. ಎರಡನೇ ತುತ್ತಿಗೇ ಕರೆದು ತೋರಿಸಿ. ಊರಿನ ಹೋಟೆಲುಗಳಲ್ಲಿ ಧಣಿ ಅಲ್ಲೇ ಕೂತಿರುತ್ತಾರೆ, ಹೆಚ್ಚಿನವರು ಮರುಮಾತಿಲ್ಲದೆ ಬದಲಿಸಿ ಕೊಡುತ್ತಾರೆ. ಒಂದು ಹೋಟೆಲಿನಲ್ಲಿ ನನಗೆ ‘ಎಲ್ಲರೂ ತಿಂತಿದ್ದಾರೆ, ನಿಮಗೆ ಮಾತ್ರ ಏನು?’ ಎಂಬ ಉತ್ತರ ಸಿಕ್ಕಿತ್ತು. ದುಡ್ಡು ಕೊಟ್ಟು ಎದ್ದು ಬಂದೆ, ಮತ್ತೆ ಆ ಕಡೆ ಹೋಗಿಲ್ಲ. ತಿಂದು ಆರೋಗ್ಯ ಕೆಟ್ಟರೆ ಬಿಲ್ ಇಟ್ಟುಕೊಂಡು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು. ಬಿಲ್ಲಿನ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇರಬೇಕು, ದೂರಿಗೆ ಅದು ಬೇಕಾಗುತ್ತದೆ.

ಜೂನ್-ಜುಲೈನಲ್ಲಿ ಬಂದರೆ ಮೀನು ಸಿಗಲ್ಲ ಅಂತಾರೆ, ನಿಜವಾ?

ಸಿಗುತ್ತದೆ, ಆದರೆ ಊರಿನ ಮೀನು ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆಯಿಟ್ಟು ಮರಿಯಾಗುವ ಕಾಲ ಅದು. ಮಳೆಗಾಲದ ಕಡಲೂ ಆಗ ಸುಮ್ಮನಿರುವುದಿಲ್ಲ. ಸಣ್ಣ ನಾಡದೋಣಿಗಳು ಹೋಗಿ ತಂದದ್ದು, ಹೊಳೆಮೀನು, ಮರ್ವಾಯಿ (ಚಿಪ್ಪುಮೀನು), ಒಣಮೀನು ಇರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುವುದರಿಂದ ಆ ಕಡೆಯ ಮೀನು ಆಮೇಲೆ ಲಾರಿಯಲ್ಲಿ ಬರುತ್ತದೆ. ಬೆಲೆ ಏರಿರುತ್ತದೆ.

ಈ ಎರಡು ತಿಂಗಳಲ್ಲಿ ‘ಇವತ್ತು ಅಂಜಲ್ ಇಲ್ಲ’ ಎಂದು ನೇರವಾಗಿ ಹೇಳುವ ಹೋಟೆಲನ್ನು ನಾನು ನಂಬುತ್ತೇನೆ. ಮಳೆಗಾಲದಲ್ಲಿ ಬಂದವರು ಒಣಮೀನಿನ ಚಟ್ನಿ ಜೊತೆ ಗಂಜಿ ಊಟ ಸಿಗುವ ಕಡೆ ಹೋಗಿ. ಹೊರಗೆ ಮಳೆ ಬೀಳುವಾಗ ಅದರ ಮುಂದೆ ಫ್ರೈ ನೆನಪಾಗುವುದಿಲ್ಲ.

ಎಷ್ಟು ಗಂಟೆಗೆ ಹೋದರೆ ಜಾಗ ಸಿಗುತ್ತೆ?

ಬಂದರು ಭಾಗದ ನಾರಾಯಣ, ರಥಬೀದಿ ಕಡೆಯ ಗಿರಿಮಂಜಾಸ್, ಮಚಲಿ ಇಂಥ ಹೆಸರು ಮಾಡಿದ ಕಡೆ ಒಂದು ಗಂಟೆಯಿಂದ ಎರಡೂವರೆವರೆಗೆ ನಿಲ್ಲಬೇಕು. ಹನ್ನೆರಡೂಕಾಲಕ್ಕೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಎರಡೂವರೆಯ ಮೇಲೆ ಜಾಗ ಸಿಗುತ್ತದೆ, ಒಳ್ಳೆಯ ಮೀನು ಮುಗಿದಿರುತ್ತದೆ. ವಾರದ ರಜೆ ಒಂದೊಂದು ಹೋಟೆಲಿಗೆ ಒಂದೊಂದು ದಿನ, ಹೊರಡುವ ಮೊದಲು ಫೋನ್ ಮಾಡಿ.

ಸಣ್ಣ ಹೋಟೆಲುಗಳಲ್ಲಿ ನಿಮ್ಮ ಮೇಜಿಗೆ ಗುರುತಿಲ್ಲದವರು ಬಂದು ಕೂರುತ್ತಾರೆ. ಕೆಲವೊಮ್ಮೆ ನೀವು ತಿನ್ನುತ್ತಿರುವಾಗಲೇ ಹಿಂದೆ ಒಬ್ಬರು ನಿಂತಿರುತ್ತಾರೆ. ಅದು ಇಲ್ಲಿನ ರೂಢಿ. ಇನ್ನೂ ಬಾರದ ಸ್ನೇಹಿತನಿಗೆ ಕುರ್ಚಿ ಹಿಡಿಯುವುದು, ಕೈ ತೊಳೆದು ಬಂದು ಮತ್ತೆ ಕೂತು ಹರಟುವುದು ಬೇಡ. ಅಲ್ಲಿ ಕೂರುವ ಪ್ರತಿ ನಿಮಿಷವೂ ನಿಂತವರ ಊಟದ ಸಮಯ.

## ಕೋಳಿ, ತಿಂಡಿ, ಸಿಹಿ

ಕೋರಿ ರೊಟ್ಟಿ ಗಟ್ಟಿಯಾಗಿತ್ತು, ಹಪ್ಪಳದ ಹಾಗೆ. ಹಾಗೇನಾ ಇರೋದು?

ಹೌದು. ಅಕ್ಕಿಯ ತೆಳು ಗರಿಗರಿ ರೊಟ್ಟಿ, ಅದರ ಮೇಲೆ ತೆಂಗಿನಹಾಲು ಹಾಕಿದ ಕೋಳಿ ಗಸಿ. ರೊಟ್ಟಿ ಮುರಿದು ತಟ್ಟೆಗೆ ಹರಡಿ, ಬಿಸಿ ಗಸಿ ಧಾರಾಳವಾಗಿ ಸುರಿದು, ಅರ್ಧ ನೆನೆದು ಅರ್ಧ ಗರಿಯಾಗಿರುವಾಗ ತಿನ್ನಬೇಕು. ಪೂರ್ತಿ ಮೆತ್ತಗಾಗಲು ಬಿಡುವವರೂ ಇದ್ದಾರೆ. ಗಸಿ ಸಾಲದಿದ್ದರೆ ಕೇಳಿ ಹಾಕಿಸಿಕೊಳ್ಳಿ, ಒಣ ರೊಟ್ಟಿ ಅಗಿದು ಬಾಯಿ ಗೀರಿಸಿಕೊಳ್ಳಬೇಡಿ.

ಘೀ ರೋಸ್ಟ್ ಮಂಗಳೂರಿನದ್ದಾ?

ಕುಂದಾಪುರದ್ದು. ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಿಂದ ಈ ಕೋಳಿ ತಿನಿಸು ಹೆಸರಾಯಿತು. ಬ್ಯಾಡಗಿ ಮೆಣಸು, ಹುಣಸೆ, ಬೇಕಾದಷ್ಟು ತುಪ್ಪ. ಮಂಗಳೂರಿನಲ್ಲಿ ಚೆನ್ನಾಗಿ ಮಾಡುವವರು ಇದ್ದಾರೆ, ಆದರೆ ಉಡುಪಿ ದಾಟಿ ಉತ್ತರಕ್ಕೆ ಹೋಗುವ ದಾರಿ ನಿಮ್ಮದಾದರೆ ಕುಂದಾಪುರದಲ್ಲೇ ತಿನ್ನಿ.

ಬಣ್ಣದ ವಿಷಯ ಗಮನಿಸಿ. ಬ್ಯಾಡಗಿಯಿಂದ ಬರುವುದು ತುಸು ಕಂದು ಸೇರಿದ ಗಾಢ ಕೆಂಪು. ಕಣ್ಣು ಕೋರೈಸುವ ಕೆಂಪು ಮೆಣಸಿನದ್ದಲ್ಲ, ಕೃತಕ ಬಣ್ಣದ್ದು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ.

ಗೋಳಿಬಜೆ ಪಾರ್ಸೆಲ್ ತಂದರೆ ಚಪ್ಪೆ ಆಗುತ್ತೆ, ಏನು ಮಾಡೋದು?

ಪಾರ್ಸೆಲ್ ತರಬೇಡಿ. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟನ್ನು ಕೈಯಿಂದ ಎಣ್ಣೆಗೆ ಬಿಟ್ಟು ಕರಿದದ್ದು ಅದು. ಒಳಗೆ ತೆಂಗಿನಕಾಯಿ ಚೂರು, ಶುಂಠಿ, ಹಸಿಮೆಣಸು. ಬಾಣಲೆಯಿಂದ ತೆಗೆದ ಹತ್ತು ನಿಮಿಷ ಮಾತ್ರ ಅದರ ಹೊರಗು ಗರಿ, ಒಳಗು ಹತ್ತಿ. ಪೊಟ್ಟಣದಲ್ಲಿ ಅದರದ್ದೇ ಹಬೆಗೆ ಮೆತ್ತಗಾಗುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಹೋಟೆಲಿನ ಬಾಗಿಲಲ್ಲಿ ನಿಂತರೆ ಬಾಣಲೆಯ ಸದ್ದು ಕೇಳುತ್ತದೆ, ಆಗ ಒಳಗೆ ಹೋಗಿ. ಪಾರ್ಸೆಲ್‌ಗೆ ಒಗ್ಗುವುದು ಕೋರಿ ರೊಟ್ಟಿ, ಏಕೆಂದರೆ ರೊಟ್ಟಿ ಬೇರೆ, ಗಸಿ ಬೇರೆ ಇರುತ್ತದೆ.

ಗಡ್‌ಬಡ್ ಎಲ್ಲಿ ಒಳ್ಳೆಯದು, ಐಡಿಯಲ್‌ನಲ್ಲಾ ಉಡುಪಿಯಲ್ಲಾ?

ಉಡುಪಿಯ ಡಯಾನಾ ಹೋಟೆಲಿನವರು ತಮ್ಮದೇ ಮೊದಲು ಎನ್ನುತ್ತಾರೆ, ಮಂಗಳೂರಿನವರಿಗೆ 1975ರಲ್ಲಿ ಶುರುವಾದ ಐಡಿಯಲ್ ಅಂದರೆ ಮನೆಯದೇ ಹೆಸರು. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಂ, ಹಣ್ಣು, ಜೆಲ್ಲಿ, ಗೋಡಂಬಿ ಪದರ ಪದರವಾಗಿ ಎರಡೂ ಕಡೆ ಇರುತ್ತದೆ. ನಾನು ಐಡಿಯಲ್ ಅಥವಾ ಅವರದ್ದೇ ಪಬ್ಬಾಸ್ ಅನ್ನುತ್ತೇನೆ. ಊಟವಾದ ಕೂಡಲೇ ಒಬ್ಬರಿಗೊಂದು ತೆಗೆದುಕೊಳ್ಳಬೇಡಿ, ಇಬ್ಬರಿಗೆ ಒಂದು ಸಾಕು.

## ಊರಲ್ಲೇ ಇರುವವರು ಕೇಳುವುದು

ಪತ್ರೊಡೆ, ಮೂಡೆ, ಪೋರ್ಕ್ ಬಫಾತ್ ಇವೆಲ್ಲ ಮನೆಯಲ್ಲೇ ಮಾಡೋದಾ? ಹೋಟೆಲಲ್ಲಿ ಸಿಗಲ್ವಾ?

ಸಿಗುತ್ತದೆ, ಆದರೆ ಬೇಕೆಂದಾಗ ಅಲ್ಲ. ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಬೇಯಿಸುವ ಪತ್ರೊಡೆಗೆ ತುಳುವರ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮಳೆಗೆ ಕೆಸುವಿನ ಎಲೆ ಸೊಂಪಾಗಿ ಬಂದಿರುತ್ತದೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಕೇದಗೆ ಜಾತಿಯ ಮುಂಡೇವಿನ ಎಲೆ ಸುರುಳಿಯಲ್ಲಿ ಬೇಯಿಸಿದ ಇಡ್ಲಿಯಂಥ ಮೂಡೆ ಹಬ್ಬದ ಆಸುಪಾಸಿನಲ್ಲಿ ಜಾಸ್ತಿ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ರಾಜ್ಯ ಸರ್ಕಾರ 2025ರಲ್ಲಿ ನಿಷೇಧಿಸಬೇಕಾಗಿ ಬಂತು. ಎಲೆಯಲ್ಲಿ ಬೇಯಿಸುವ ಕೈಗಳು ಇನ್ನೂ ಇರುವ ಊರು ನಮ್ಮದು, ಆ ಕೆಲಸಕ್ಕೆ ನಾಲ್ಕು ರೂಪಾಯಿ ಜಾಸ್ತಿ ಕೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ.

ಕ್ಯಾಥೊಲಿಕ್ ಅಡುಗೆಯ ಪೋರ್ಕ್ ಬಫಾತ್ (ಹಂದಿ ಮಾಂಸದ ಮಸಾಲೆ ಸಾರು) ಮತ್ತು ಸನ್ನಾ (ಇಡ್ಲಿಯಂಥ ತಿಂಡಿ) ಸಣ್ಣ ಮನೆ-ಹೋಟೆಲುಗಳಲ್ಲಿ, ಅದರಲ್ಲೂ ಭಾನುವಾರ ನೋಡಿ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಪತ್ತಿರಿ (ಅಕ್ಕಿ ರೊಟ್ಟಿ) ಮತ್ತು ಬಿರಿಯಾನಿಗೆ ರಂಜಾನ್ ಸಂಜೆಗಳು ಒಳ್ಳೆಯ ಹೊತ್ತು.

ಮುಂಬೈಯಲ್ಲಿ ತಿಂದ ಮಂಗಳೂರು ಊಟದ ರುಚಿ ಇಲ್ಲಿ ಯಾಕಿಲ್ಲ?

ಮುಂಬೈಯ ಫೋರ್ಟ್ ಭಾಗದಲ್ಲಿ ಕರಾವಳಿಯವರು ಕಟ್ಟಿದ ಮೀನಿನ ಹೋಟೆಲುಗಳು ಕಚೇರಿ ಕೆಲಸಗಾರರಿಗೆ ಮನೆಯ ಊಟ ಹಾಕುತ್ತಾ ಬೆಳೆದವು. ಆಮೇಲೆ ಅಲ್ಲಿನ ಗಿರಾಕಿಗೆ ತಕ್ಕ ಹಾಗೆ ಬದಲಾದವು. ಬೆಣ್ಣೆ-ಬೆಳ್ಳುಳ್ಳಿ ಏಡಿ ಅಲ್ಲಿ ಹೆಸರಾದ ತಿನಿಸು, ನಮ್ಮ ಮನೆಗಳಲ್ಲಿ ಏಡಿ ಎಂದರೆ ಕಾಯಿ ಹುರಿದು ಹಾಕಿದ ಸುಕ್ಕ. ಎರಡೂ ಚೆನ್ನ. ಇಲ್ಲಿ ಬಂದು ಅದನ್ನು ಹುಡುಕಬೇಡಿ, ಅಷ್ಟೇ.

ಬಿಲ್ಲಿನಲ್ಲಿ ಜಿಎಸ್‌ಟಿ, ಸರ್ವಿಸ್ ಚಾರ್ಜ್ ಎರಡೂ ಹಾಕಿದ್ದಾರೆ. ಕೊಡಲೇಬೇಕಾ?

ಜಿಎಸ್‌ಟಿ ಕೊಡಬೇಕು. ಸಾಮಾನ್ಯ ಹೋಟೆಲಿನಲ್ಲಿ ಅದು ಶೇ 5. ಆದರೆ ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವ ಹೋಟೆಲು ಗಿರಾಕಿಯಿಂದ ಜಿಎಸ್‌ಟಿ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ. ಸಂಶಯವಿದ್ದರೆ ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಗೊತ್ತಾಗುತ್ತದೆ.

ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿ ಹಿಡಿಯಿತು. ತೆಗೆಯಿರಿ ಎಂದು ಸಮಾಧಾನವಾಗಿ ಹೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಊರಿನ ಸಣ್ಣ ಹೋಟೆಲುಗಳಲ್ಲಿ ಈ ತಾಪತ್ರಯ ಕಡಿಮೆ. ಬಡಿಸಿದವರಿಗೆ ಏನಾದರೂ ಕೊಡಬೇಕೆನಿಸಿದರೆ ಕೈಗೇ ಕೊಡಿ.

ಆ್ಯಪ್‌ನಲ್ಲಿ ತರಿಸಿದರೂ ಹೋಟೆಲಿಗೆ ವ್ಯಾಪಾರ ಆಯ್ತಲ್ವಾ?

ವ್ಯಾಪಾರ ಆಯಿತು, ಲಾಭ ಎಷ್ಟಾಯಿತು ಅನ್ನುವುದು ಬೇರೆ. ಪ್ರತಿ ಆರ್ಡರಿನಲ್ಲೂ ಆ್ಯಪ್‌ನವರಿಗೆ ದೊಡ್ಡ ಪಾಲು ಕಮಿಷನ್ ಹೋಗುತ್ತದೆ. ಅದಕ್ಕೇ ಎಷ್ಟೋ ಕಡೆ ಆ್ಯಪಿನ ದರವೂ ಹೋಟೆಲಿನ ದರವೂ ಒಂದೇ ಇರುವುದಿಲ್ಲ. ಹೋಟೆಲು ಹತ್ತಿರವೇ ಇದ್ದರೆ ಫೋನ್ ಮಾಡಿ ಹೇಳಿಟ್ಟು, ಹೋಗಿ ತನ್ನಿ. ಪಾತ್ರೆ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಗಸಿ, ಸಾರು ಬಿಸಿಬಿಸಿಯಾಗಿ ಪ್ಲಾಸ್ಟಿಕ್ಕಿಗೆ ಬೀಳುವುದು ತಪ್ಪುತ್ತದೆ.

ಹಳೇ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಿವೆ. ವ್ಯಾಪಾರ ಇಲ್ಲದೆಯಾ?

ಬಹಳ ಸಲ ಅಲ್ಲ. ತುಂಬಿದ ಹೋಟೆಲೂ ಮುಚ್ಚುತ್ತದೆ. ಬೆಳಗಿನ ಜಾವ ಎದ್ದು ಹಿಟ್ಟು ನೋಡುವ, ಬಂದರಿಗೆ ಹೋಗಿ ಮೀನು ಆರಿಸುವ ಕೆಲಸಕ್ಕೆ ಮುಂದಿನ ತಲೆಮಾರು ಬರುವುದಿಲ್ಲ. ಮಕ್ಕಳು ಬೆಂಗಳೂರು, ಗಲ್ಫ್ ಸೇರಿರುತ್ತಾರೆ, ಅದು ಅವರ ತಪ್ಪೂ ಅಲ್ಲ. ಕೈ ಪಳಗಿದ ಭಟ್ಟರು ಸಿಗುವುದಿಲ್ಲ. ನಗರದ ನಡುವೆ ಜಾಗದ ಬೆಲೆ ಏರಿದೆ, ಹಳೆಯ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ಟುವಾಗ ಬಾಡಿಗೆಗಿದ್ದ ಹೋಟೆಲು ಹೋಗುತ್ತದೆ.

ನನಗೆ ಇದು ನಿಜವಾಗಿ ನೋವಿನ ವಿಷಯ. ಒಂದು ಹೋಟೆಲಿನ ಜೊತೆ ಒಂದು ಸಾಂಬಾರಿನ ರುಚಿ ಪೂರ್ತಿ ಹೋಗಿಬಿಡುತ್ತದೆ, ಬೇರೆ ಯಾರೂ ಅದನ್ನು ಮಾಡುವುದಿಲ್ಲ. ಗಿರಾಕಿಗಳು ಬಾಡಿಗೆ ಇಳಿಸಲಾರರು. ಆದರೆ ದೋಸೆಗೆ ಐದು ರೂಪಾಯಿ ಏರಿದಾಗ ಗೊಣಗದೆ ಕೊಡಬಹುದು. ಮಾಲ್‌ನಲ್ಲಿ ಕಾಫಿಗೆ ನೂರಾರು ರೂಪಾಯಿ ಕೊಡುವವರು ಇಲ್ಲಿ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮದುವೆಗೆ ಬಂದವರು, ಹದಿನೈದು ಜನ ಇದ್ದೇವೆ. ಮೀನೂಟಕ್ಕೆ ಹೇಗೆ ಹೋಗೋದು?

ಹಿಂದಿನ ದಿನವೇ ಫೋನ್ ಮಾಡಿ, ಆಗುತ್ತದೋ ಇಲ್ಲವೋ ಕೇಳಿ. ಸಣ್ಣ ಹೋಟೆಲಾದರೆ ಒಟ್ಟಿಗೆ ಕೂರುವ ಆಸೆ ಬಿಡಿ, ನಾಲ್ಕು ನಾಲ್ಕು ಜನ ಖಾಲಿಯಾದ ಕಡೆ ಕೂತರೆ ಬೇಗ ಆಗುತ್ತದೆ. ಎಷ್ಟು ಜನಕ್ಕೆ ಫ್ರೈ ಬೇಕು, ಯಾವ ಮೀನು ಎಂದು ಮೊದಲೇ ಹೇಳಿದರೆ ಬೆಳಗ್ಗೆ ಏಲಂನಲ್ಲೇ ನಿಮ್ಮ ಪಾಲು ತೆಗೆದಿಡುತ್ತಾರೆ. ಹಾಗೆ ಹೇಳಿಟ್ಟ ಮೇಲೆ ಬರುವುದು ತಪ್ಪಿಸಬೇಡಿ. ಹೇಳಿದ ಮೀನು ಅವತ್ತೇ ಖರ್ಚಾಗಬೇಕು. ಬರಲು ಆಗದಿದ್ದರೆ ಹಿಂದಿನ ರಾತ್ರಿಯೊಳಗೆ ತಿಳಿಸಿ, ಬೆಳಗ್ಗೆ ಹತ್ತಕ್ಕೆ ಹೇಳಿದರೆ ತಡವಾಯಿತು.